ಹರವಿಯಿಂದ ನಳದವರೆಗೆ: ನಮ್ಮ ಮನೆಗಳ ಕುಡಿಯುವ ನೀರಿನ ಕಥೆ

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬುತ್ತಿರುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ನನ್ನ ಗುರುಗಳು ಫೋನ್ ಮಾಡಿದಾಗ ನಿಜಕ್ಕೂ ಸಂತೋಷವಾಯಿತು. "ನೀ ಹೆಂಗೂ ಕಂಪ್ಯೂಟರ್ ಕಲ್ತಾಂವ, ಅದರ ಬಗ್ಗೆನ ಬರಿ" ಎಂದರು. ಕಂಪ್ಯೂಟರ್ ಬಗ್ಗೆ ಬರೆಯಲು ಈಗ ಊರ ತುಂಬ ಹುಡುಗರಿದ್ದಾರೆ. ನಾನು ಬರೆಯಬೇಕೆಂದುಕೊಂಡಿದ್ದು ನೀರಿನ ಬಗ್ಗೆ. ಅದಕ್ಕೆ ಕಾರಣವಾದ ಘಟನೆ 2019ರ ಆಗಸ್ಟ್‌ನಲ್ಲಿ ನಮ್ಮ ಮನೆಯಲ್ಲೇ ನಡೆಯಿತು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಾನು 2004ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಾನು ಇತಿಹಾಸಕಾರನಲ್ಲ. ನಮ್ಮ ಅಜ್ಜಿಯಿಂದ ಕೇಳಿದ್ದು, ಕಣ್ಣಾರೆ ಕಂಡದ್ದು ಮತ್ತು ಆಮೇಲೆ ಓದಿ ತಿಳಿದದ್ದು, ಈ ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ. ಹಿರಿಯರು ತಪ್ಪಿದ್ದಲ್ಲಿ ತಿದ್ದಬೇಕು.

ಹೆಸರಿನಲ್ಲಿ ಬೆಣ್ಣೆ ತುಪ್ಪ, ಬಾಯಲ್ಲಿ ಉಪ್ಪು

ಧಾರವಾಡ ಜಿಲ್ಲೆ ಒಂದೇ ಆದರೂ ಅದರ ನೀರು ಒಂದೇ ಅಲ್ಲ. ಪಶ್ಚಿಮಕ್ಕೆ ಕಲಘಟಗಿ ಕಡೆ ಹೋದರೆ ಮಲೆನಾಡಿನ ಸೆರಗು. ಕೆಂಪು ಮಣ್ಣು, ಭತ್ತದ ಗದ್ದೆ, ಊರಿಗೊಂದೆರಡು ಕೆರೆ, ಬೇಡ್ತಿ ಹಳ್ಳ. ಅಲ್ಲಿಂದ ಪೂರ್ವಕ್ಕೆ ಕುಂದಗೋಳ ದಾಟಿ ಅಣ್ಣಿಗೇರಿ, ನವಲಗುಂದಕ್ಕೆ ಬರುತ್ತ ಬರುತ್ತ ಮರ ಕಡಿಮೆಯಾಗುತ್ತವೆ, ಎರೆ ಹೊಲ ಕಣ್ಣು ಹಾಯುವವರೆಗೆ ಹಾಸಿಕೊಳ್ಳುತ್ತದೆ. ಹತ್ತಿ, ಗೋಧಿ, ಕಡಲೆ, ಜೋಳ, ಮೆಣಸಿನಕಾಯಿ ಬೆಳೆಯುವ ಬಂಗಾರದ ಭೂಮಿ. ಆದರೆ ಇಲ್ಲಿ ಬಾವಿ ತೋಡಿದರೆ ಬರುವುದು ಸವಳು ನೀರು.

ಅದಕ್ಕೆ ಕಾರಣವಿದೆ. ಎರೆ ಮಣ್ಣಿನಲ್ಲಿ ಜಿಗುಟಿನ ಅಂಶ ಬಹಳ. ಮಳೆ ನೀರು ಅದರಲ್ಲಿ ಬೇಗ ಕೆಳಗಿಳಿಯುವುದಿಲ್ಲ. ಮಳೆಯೂ ಕಡಿಮೆ, ಬಿಸಿಲು ಹೆಚ್ಚು. ಹೀಗಾಗಿ ಮಣ್ಣಿನಲ್ಲಿರುವ ಲವಣ ತೊಳೆದು ಹೋಗದೆ ಅಲ್ಲೇ ಉಳಿದು ಅಂತರ್ಜಲಕ್ಕೆ ಸೇರುತ್ತದೆ. ನಮ್ಮ ತಾಲ್ಲೂಕಿನ ಎರಡು ದೊಡ್ಡ ಹಳ್ಳಗಳ ಹೆಸರು ಬೆಣ್ಣಿಹಳ್ಳ ಮತ್ತು ತುಪ್ಪರಿಹಳ್ಳ. ಹೆಸರಿನಲ್ಲಿ ಬೆಣ್ಣೆ, ತುಪ್ಪ. ನೀರು ಬಾಯಿಗಿಟ್ಟರೆ ಉಪ್ಪು. ಯಮನೂರಿನ ಚಾಂಗದೇವನ ಜಾತ್ರೆಯಲ್ಲಿ ಬೆಣ್ಣಿಹಳ್ಳದ ನೀರಿನಿಂದ ದೀಪ ಉರಿಯುತ್ತದೆಂದು ಭಕ್ತರು ನಂಬುತ್ತಾರೆ. ಆ ನಂಬಿಕೆ ದೊಡ್ಡದು. ಆದರೆ ಬೇಸಿಗೆಯಲ್ಲಿ ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು.

ಆದ್ದರಿಂದ ನಮ್ಮ ಹಿರಿಯರು ಕುಡಿಯುವುದಕ್ಕೆ ನಂಬಿದ್ದು ಕೆರೆಯನ್ನು. ನವಲಗುಂದ ಪಟ್ಟಣಕ್ಕೆ ನೀಲಮ್ಮನ ಕೆರೆ ಇರುವಂತೆ ಹಳ್ಳಿ ಹಳ್ಳಿಗೂ ಒಂದೊಂದು ಕೆರೆ. ಮಳೆಗಾಲದಲ್ಲಿ ಹರಿದು ಬಂದ ನೀರನ್ನು ಹಿಡಿದಿಟ್ಟು, ಮುಂದಿನ ಮಳೆಗಾಲದವರೆಗೆ ಅದನ್ನೇ ಕುಡಿಯಬೇಕು. ಜೋಳಕ್ಕೆ ಹಗೇವು ಇದ್ದ ಹಾಗೆ ನೀರಿಗೆ ಕೆರೆ. ಹಗೇವಿನ ಜೋಳವನ್ನು ಕಲ್ಲು ಮಣ್ಣು ಆರಿಸಿ, ಹಸನು ಮಾಡಿ ಬೀಸುತ್ತಿದ್ದರು. ಹಾಗೆಯೇ ಕೆರೆಯ ನೀರನ್ನೂ ಹಸನು ಮಾಡದೆ ಕುಡಿಯುತ್ತಿರಲಿಲ್ಲ.

ಅಜ್ಜಿಯ ಅಡುಗೆಮನೆ

ನಮ್ಮ ಅಜ್ಜಿ ಕಲಘಟಗಿ ಕಡೆಯವಳು. ಸಿಹಿನೀರಿನ ಬಾವಿ ಇದ್ದ ಮನೆಯಿಂದ ಈ ಸವಳು ನೀರಿನ ಊರಿಗೆ ಸೊಸೆಯಾಗಿ ಬಂದವಳು. "ಮದವ್ಯಾದ ಮರುದಿನ ನಮ್ಮತ್ತಿ ನನಗ ಅಡಗಿ ಕಲಸಲಿಲ್ಲ, ನೀರ ಇಡೂದು ಕಲಸಿದ್ಲು" ಎಂದು ನಗುತ್ತ ಹೇಳುತ್ತಿದ್ದಳು. ತವರಿನಲ್ಲಿ ಹಗ್ಗ ಬಿಟ್ಟು ಸೇದಿ, ಹಾಗೆಯೇ ಕುಡಿದವಳಿಗೆ ಇಲ್ಲಿ ಒಂದು ಕೊಡ ನೀರು ಕುಡಿಯುವ ಹದಕ್ಕೆ ಬರಲು ಒಂದು ರಾತ್ರಿ ಬೇಕೆಂಬುದೇ ಆಶ್ಚರ್ಯವಾಗಿತ್ತಂತೆ.

ಆ ಕ್ರಮವನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಬೆಳಗಿನ ಜಾವ, ದನ ಕರು ಕೆರೆಗೆ ಇಳಿಯುವ ಮೊದಲೇ ಹೋಗಬೇಕು. ನೀರು ಕದಡದ ಕಡೆ ಕೊಡ ತುಂಬಬೇಕು. ಕೊಡದ ಬಾಯಿಗೆ ಹಳೆಯ ಹತ್ತಿ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಕಟ್ಟಬೇಕು. ಆ ಬಟ್ಟೆಯ ಒಂದು ಮೂಲೆಗೆ ಅಜ್ಜಿ ಕೆಂಪು ದಾರದ ಗಂಟು ಹಾಕಿದ್ದಳು. ಗಂಟು ಇದ್ದ ಮಗ್ಗಲು ಯಾವಾಗಲೂ ಮೇಲೆ. ತಿರುವಿ ಹಾಕಿದರೆ ನಿನ್ನೆ ಸೋಸಿದ ಕಸ ಇವತ್ತಿನ ನೀರಿಗೆ ಬೀಳುತ್ತದೆ ಎಂಬುದು ಅವಳ ಲೆಕ್ಕ.

ಮನೆಗೆ ತಂದ ನೀರನ್ನು ಮಣ್ಣಿನ ಹರವಿಗೆ ಹಾಕಿ, ಫಟಕಡಿಯ ತುಂಡನ್ನು ಕೈಯಲ್ಲಿ ಹಿಡಿದು ನೀರಿನಲ್ಲಿ ಐದಾರು ಸುತ್ತು ತಿರುವುತ್ತಿದ್ದಳು. ನಂತರ ಮುಚ್ಚಿ ರಾತ್ರಿಯೆಲ್ಲ ಅಲ್ಲಾಡಿಸದೆ ಬಿಡುವುದು. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಮೆಲ್ಲಗೆ ತೋಡಿ ತಾಮ್ರದ ಹಂಡೆಗೆ ತುಂಬುವುದು. ಕೆಳಗೆ ಉಳಿದ ರಾಡಿ ದನದ ಬಾನಿಗೆ. ಹಂಡೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಬೋರಲು ಹಾಕಿದ ತಂಬಿಗೆ, ಗೋಡೆಯ ಮೊಳೆಗೆ ಉದ್ದ ಹಿಡಿಕೆಯ ಸೌಟು. ಯಾರೇ ಆಗಲಿ ಹಂಡೆಯಲ್ಲಿ ಕೈ ಅದ್ದುವಂತಿರಲಿಲ್ಲ. ಒಮ್ಮೆ ಕಬಡ್ಡಿ ಆಡಿ ಬಂದವನು ನೇರ ತಂಬಿಗೆಯನ್ನೇ ಅದ್ದಿದ್ದಕ್ಕೆ ಇಡೀ ಹಂಡೆಯ ನೀರನ್ನು ಬಚ್ಚಲಿಗೆ ಸುರಿದು, ನನ್ನ ಕೈಯಿಂದಲೇ ಎರಡು ಕೊಡ ನೀರು ತರಿಸಿದ್ದಳು. ಅಮಾವಾಸ್ಯೆಗೊಮ್ಮೆ ಹರವಿಗಳನ್ನೆಲ್ಲ ಬೂದಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕುವುದು, ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗುವುದು ತಪ್ಪುತ್ತಿರಲಿಲ್ಲ.

ಇನ್ನೊಂದು ಮುಖ್ಯ ನಿಯಮ: ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಬಳಸಲು ಸವಳು ಬಾವಿಯ ನೀರು. ಕುಡಿಯಲು ಕೆರೆಯದು. ಮನೆಯಲ್ಲಿ ಯಾವಾಗಲೂ ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು ತುಂಬಿದ ಹರವಿಗಳು ಸಾಲಾಗಿ ಇರುತ್ತಿದ್ದವು. "ಕೆರಿ ದಾರಿ ಯಾವಾಗ ಕೆಸರಾಗತೈತಿ, ಮೈಯಾಗ ಯಾವಾಗ ಆರಾಮ ತಪ್ಪತೈತಿ ಯಾರ್ ಕಂಡಾರ" ಎನ್ನುತ್ತಿದ್ದಳು.

ಶಾಲೆಯಲ್ಲಿ ಸಿಕ್ಕ ಉತ್ತರ

ಅಜ್ಜಿ ಮಾಡುತ್ತಿದ್ದುದರ ಅರ್ಥ ನನಗೆ ತಿಳಿದದ್ದು ನಮ್ಮ ಶಾಲೆಯಲ್ಲಿ. ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಸರ್ ಎರಡು ಗಾಜಿನ ಲೋಟದಲ್ಲಿ ಕೆರೆಯ ನೀರು ತಂದಿಟ್ಟರು. ಒಂದಕ್ಕೆ ಫಟಕಡಿ ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ. ಮರುದಿನ ಬಂದು ನೋಡಿದರೆ ಫಟಕಡಿ ಹಾಕಿದ್ದು ತಿಳಿ, ಇನ್ನೊಂದು ಹಾಗೆಯೇ ಚಹಾದ ಬಣ್ಣ. ಎರೆ ಮಣ್ಣಿನ ಕಣಗಳು ಅತಿ ಸಣ್ಣವು, ಅವುಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ, ಫಟಕಡಿಯ ಅಲ್ಯೂಮಿನಿಯಂ ಆ ವಿದ್ಯುದಂಶವನ್ನು ಕಳೆದಾಗ ಕಣಗಳು ಗುಂಪುಗೂಡಿ ತಳಕ್ಕಿಳಿಯುತ್ತವೆ ಎಂದು ವಿವರಿಸಿದರು. ಆಮೇಲೆ ಸರ್ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ. "ಈ ತಿಳಿನೀರು ಕುಡೀಬಹುದೇನು?" ಎಲ್ಲರೂ "ಹೌದು ಸರ್" ಎಂದು ಕೂಗಿದೆವು. "ಇಲ್ಲ. ತಿಳಿ ಇರೂದು ಬ್ಯಾರೆ, ಶುದ್ಧ ಇರೂದು ಬ್ಯಾರೆ" ಎಂದರು. ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ತಿ ಅಂಕ ಪಡೆದೆ. ಹದಿನೈದು ವರ್ಷದ ನಂತರ ಅದನ್ನೇ ಮರೆತೆ. ಆ ಮಾತು ಮುಂದೆ ಬರುತ್ತದೆ.

ಬಟ್ಟೆಯ ವಿಷಯವನ್ನು ನಾನು ದೊಡ್ಡವನಾದ ಮೇಲೆ ಓದಿದೆ. ನಾರುಹುಣ್ಣು ಎಂಬ ರೋಗವನ್ನು ಇಂದಿನ ಮಕ್ಕಳು ಕೇಳಿರಲಿಕ್ಕಿಲ್ಲ. ಕಾಲಿನ ಹುಣ್ಣಿನಿಂದ ಮೊಳದುದ್ದದ ಬಿಳಿ ಹುಳು ಹೊರಬರುವ ಈ ರೋಗ ಉತ್ತರ ಕರ್ನಾಟಕದಲ್ಲೂ ಇತ್ತು. ಹುಣ್ಣಾದವರು ಮೆಟ್ಟಿಲು ಬಾವಿಯ, ಕೆರೆಯ ನೀರಿಗೆ ಕಾಲಿಟ್ಟಾಗ ಹುಳು ಮರಿಗಳನ್ನು ಬಿಡುತ್ತದೆ. ಆ ಮರಿಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯ ಹೊಟ್ಟೆ ಸೇರುತ್ತವೆ. ಆ ನೀರು ಕುಡಿದವರಿಗೆ ಒಂದು ವರ್ಷದ ನಂತರ ಹುಣ್ಣು ಏಳುತ್ತದೆ. ಇದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. 1983-84ರಲ್ಲಿ ನಮ್ಮ ದೇಶ ಇದರ ನಿರ್ಮೂಲನ ಕಾರ್ಯಕ್ರಮ ಆರಂಭಿಸಿದಾಗ ಮುಖ್ಯ ಆಯುಧಗಳಲ್ಲಿ ಒಂದು ಸೋಸುವ ಬಟ್ಟೆ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿದರು, ಕೈಪಂಪು ಹಾಕಿದರು, ಮನೆಮನೆಗೆ ಹೋಗಿ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಹೇಳಿದರು. 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಬರಲಿಲ್ಲ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು.

ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು, ಅಂದರೆ ಶೇ. 48ರಷ್ಟು ಕಡಿಮೆಯಾಗಿತ್ತು. ಹೊಸ ಸೀರೆಗಿಂತ ಹಳೆಯದೇ ಮೇಲು, ಏಕೆಂದರೆ ಒಗೆದು ಒಗೆದು ನೂಲು ಬಿರಿದು ಕಂಡಿಗಳು ಸಣ್ಣವಾಗಿರುತ್ತವೆ. ಇದನ್ನು ಅಜ್ಜಿಗೆ ಓದಿ ಹೇಳಿದಾಗ, "ಇದಕ್ಕ ಅಮೇರಿಕಾದಾಕಿ ಬರಬೇಕಾತೇನು?" ಎಂದು ಕೇಳಿದಳು. ತಾಮ್ರದ ವಿಷಯವೂ ಹಾಗೆಯೇ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸತ್ತಿದ್ದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ.

ಹಳೆಯದೆಲ್ಲ ಒಳ್ಳೆಯದಿರಲಿಲ್ಲ

ಇಷ್ಟು ಓದಿ, ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಯಾರೂ ತಿಳಿಯಬಾರದು. ಹಾಗೆ ಬರೆದರೆ ಅದು ಸುಳ್ಳು ಇತಿಹಾಸವಾಗುತ್ತದೆ.

ಮೊದಲನೆಯದು, ಬಟ್ಟೆ ಅರ್ಧ ರೋಗ ತಡೆಯಿತೆಂದರೆ ಇನ್ನರ್ಧ ತಡೆಯಲಿಲ್ಲ ಎಂದೇ ಅರ್ಥ. ಕಣ್ಣಿಗೆ ಕಾಣದ ರೋಗಾಣುಗಳ ಬಗ್ಗೆ ಅಜ್ಜಿಗೆ ಗೊತ್ತಿರಲಿಲ್ಲ. ನೀರು ಕಾಯಿಸಲು ಕಟ್ಟಿಗೆಯೂ ಇರಲಿಲ್ಲ. ಎರೆ ಸೀಮೆಯಲ್ಲಿ ಉರುವಲೆಂದರೆ ಹತ್ತಿ ಕಟ್ಟಿಗೆ ಮತ್ತು ಕುಳ್ಳು. ಅದು ಅಡುಗೆಗೇ ಸಾಲುತ್ತಿರಲಿಲ್ಲ. ಅವಳ ಎರಡು ಕೂಸುಗಳು ವಾಂತಿಭೇದಿಯಿಂದ ತೀರಿಹೋಗಿದ್ದವು. ಅದನ್ನು ಅವಳು ದೈವದ ಲೆಕ್ಕಕ್ಕೆ ಬರೆದಿದ್ದಳು, ನೀರಿನ ಲೆಕ್ಕಕ್ಕಲ್ಲ.

ಎರಡನೆಯದು, ಆ ಕೊಡಗಳನ್ನು ಹೊತ್ತವರು ಯಾರು? ಹೆಣ್ಣುಮಕ್ಕಳು. ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕ ಯಾರಾದರೂ ತೆಗೆದು ನೋಡಿದರೆ, ಬೇಸಿಗೆ ಹತ್ತಿರವಾದಂತೆ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚುವುದು ಕಾಣಬಹುದು ಎಂದು ನನಗನ್ನಿಸುತ್ತದೆ. ನನ್ನ ತರಗತಿಯಲ್ಲೇ ತಳ್ಳುಗಾಡಿಯಲ್ಲಿ ಎಂಟು ಕೊಡ ನೀರು ಮನೆಗೆ ಮುಟ್ಟಿಸಿ, ಎರಡನೇ ಪಿರಿಯಡ್‌ಗೆ ಬೆವರುತ್ತ ಬರುವ ಗೆಳತಿಯರಿದ್ದರು. ನಾವು ಹುಡುಗರು ಸೈಕಲ್ಲಿಗೆ ಎರಡು ಕೊಡ ಕಟ್ಟಿದರೆ ದೊಡ್ಡ ಉಪಕಾರ ಮಾಡಿದಂತೆ ತಿಳಿಯುತ್ತಿದ್ದೆವು.

ಮೂರನೆಯದು ಹೇಳಲು ಕಷ್ಟವಾದದ್ದು, ಆದರೂ ಹೇಳಬೇಕು. ಕೆರೆಯ ಎಲ್ಲ ದಂಡೆಯೂ ಎಲ್ಲರದಾಗಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಮಹಾಡದ ಚವದಾರ ಕೆರೆಯ ನೀರು ಕುಡಿದು ತೋರಿಸಿದ್ದನ್ನು ಇದೇ ಶಾಲೆಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಓದಿದೆವು. ಆದರೆ ನಮ್ಮ ಭಾಗದ ಹಳ್ಳಿಗಳಲ್ಲಿ ಯಾರು ಯಾವ ಮೆಟ್ಟಿಲಿಗೆ ಇಳಿಯಬೇಕು, ಯಾರು ದೂರ ನಿಂತು ಕಾಯಬೇಕು ಎಂಬ ಪದ್ಧತಿ ಅದಾದ ಮೇಲೂ ಬಹಳ ಕಾಲ ಇತ್ತು. ಅಜ್ಜಿಯ ಹಂಡೆಯನ್ನು ಮುಟ್ಟಬಾರದೆಂಬ ನಿಯಮದಲ್ಲಿ ಸ್ವಚ್ಛತೆಯೂ ಇತ್ತು, ಮಡಿಯೂ ಇತ್ತು. ಇವೆರಡನ್ನೂ ಬೇರ್ಪಡಿಸುವ ಕೆಲಸ ಮಾಡಿದ್ದು ನಮ್ಮ ಶಾಲೆ. ಇಲ್ಲಿ ಒಂದೇ ಹರವಿ, ಒಂದೇ ಉದ್ದ ಸೌಟು, ಎಲ್ಲರೂ ಬೊಗಸೆಯೊಡ್ಡಿ ಕುಡಿಯುತ್ತಿದ್ದೆವು. ಐವತ್ತು ವರ್ಷದಲ್ಲಿ ಶಾಲೆ ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ಎಣಿಸುತ್ತೇನೆ.

ಕಾಲುವೆ ಬಂತು, ನಳ ಬಂತು

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಪೂರ್ಣವಾದದ್ದು 1970ರ ದಶಕದ ಆರಂಭದಲ್ಲಿ. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಈ ರೇಣುಕಾಸಾಗರ ನಮ್ಮ ಸೀಮೆಯ ದೆಸೆ ಬದಲಿಸಿತು. ಕಾಲುವೆ ನೀರು ಹೊಲಕ್ಕೆ ಬಂದಿತು. ಅದರೊಂದಿಗೆ ಕರದ ಹೊರೆಯೂ ಬಂದಿತು. ಅಭಿವೃದ್ಧಿ ಕರ, ನೀರಿನ ಕರಗಳ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದದ್ದು, ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡದ್ದು ಎಲ್ಲರಿಗೂ ತಿಳಿದ ಇತಿಹಾಸ. ನಮ್ಮ ಹಿರಿಯರಲ್ಲಿ ಅನೇಕರು ಅದನ್ನು ಕಣ್ಣಾರೆ ಕಂಡಿದ್ದಾರೆ.

ಹೊಲದ ನೀರಿನ ಹೋರಾಟದ ಮಾತಿನಲ್ಲಿ ನಾವು ಮರೆಯುವ ಒಂದು ಸಂಗತಿಯಿದೆ. ಕಾಲುವೆ ಬಂದ ಮೇಲೆ ನಮ್ಮ ಕುಡಿಯುವ ನೀರಿನ ಕೆರೆಗಳೂ ಮಲಪ್ರಭೆಗೆ ಸೇರಿದವು. ಮಳೆ ನಂಬಿದ್ದ ಕೆರೆಯನ್ನು ಬೇಸಿಗೆಯಲ್ಲಿ ಕಾಲುವೆಯಿಂದ ತುಂಬಿಸುವುದು ರೂಢಿಯಾಯಿತು. ಕಣಕುಂಬಿಯಲ್ಲಿ ಹುಟ್ಟುವ ನದಿಯಲ್ಲಿ ನೀರು ಕಡಿಮೆಯಾದರೆ ನವಲಗುಂದದ ಹಂಡೆಯೂ ಬರಿದಾಗುವ ಹಾಗಾಯಿತು. ಜಲಾಶಯ ತುಂಬದ ವರ್ಷಗಳು ಹೆಚ್ಚಾದಂತೆ ಕಳಸಾ-ಬಂಡೂರಿ ಕೂಗು ಎದ್ದಿತು. 2015ರಿಂದ ಆ ಹೋರಾಟ ಮತ್ತೆ ಕಾವೇರಿತು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ಹಂಚಿತು. ಅದರಲ್ಲಿ ಕಳಸಾ-ಬಂಡೂರಿಯ ಪಾಲು 3.9 ಟಿ.ಎಂ.ಸಿ.

ಈ ನಡುವೆ ಮನೆಯೊಳಗೆ ಬದಲಾವಣೆ ಸದ್ದಿಲ್ಲದೆ ನಡೆಯಿತು. ಕೆರೆಯ ಪಕ್ಕ ಶುದ್ಧೀಕರಣ ತೊಟ್ಟಿ, ಬೀದಿಗೆ ನಳ, ಆಮೇಲೆ ಮನೆಗೆ ನಳ. ಊರಿನಲ್ಲಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ಕುಡಿಯುವ ನೀರಿನ ಘಟಕ. ಹರವಿ ಒಡೆದರೆ ಹೊಸದು ತರಲಿಲ್ಲ. ಹಂಡೆಯನ್ನು ಅಟ್ಟಕ್ಕೇರಿಸಿದೆವು. ಫಟಕಡಿ ದಾಡಿ ಮಾಡಿಕೊಂಡ ಮೇಲೆ ಹಚ್ಚುವ ವಸ್ತುವಾಗಿ ಉಳಿಯಿತು. ಹೆಣ್ಣುಮಕ್ಕಳ ತಲೆಯ ಮೇಲಿನ ಭಾರ ಇಳಿಯಿತು. ಇದಕ್ಕಿಂತ ದೊಡ್ಡ ಒಳ್ಳೆಯದು ಇನ್ನೊಂದಿಲ್ಲ. ಆದರೆ ಭಾರದ ಜೊತೆಗೆ ಎಚ್ಚರವನ್ನೂ ಇಳಿಸಿಬಿಟ್ಟೆವು. ಮೂರು ದಿನದ ನೀರು ಇಡುವುದನ್ನು ಬಿಟ್ಟೆವು.

2019ರ ಆಗಸ್ಟ್

ಆ ವರ್ಷ ಆಗಸ್ಟ್ ಮೊದಲ ವಾರ ನಾನು ರಜೆಯ ಮೇಲೆ ಊರಿಗೆ ಬಂದಿದ್ದೆ. ಉತ್ತರ ಕರ್ನಾಟಕದ ತುಂಬ ಮಳೆ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಹೊಲಗಳು ಸಮುದ್ರವಾದವು, ರಸ್ತೆಗಳು ಬಂದಾದವು, ಕರೆಂಟ್ ಹೋಯಿತು. ಬರಗಾಲದಲ್ಲಿ ಟ್ಯಾಂಕರ್ ಕಾಯುವ ಊರು ಈಗ ಸುತ್ತಲೂ ನೀರಿದ್ದು ಕುಡಿಯಲು ಹನಿಯಿಲ್ಲದ ಊರಾಯಿತು. ಕರೆಂಟಿಲ್ಲದೆ ಘಟಕ ನಿಂತಿತು, ನಳ ನಿಂತಿತು, ಮನೆಯಲ್ಲಿ ನಾನೇ ತಂದು ಹಾಕಿಸಿದ್ದ ಫಿಲ್ಟರ್ ಯಂತ್ರವೂ ನಿಂತಿತು.

ನಮ್ಮ ಮನೆ ಎತ್ತರದ ಓಣಿಯಲ್ಲಿದ್ದುದರಿಂದ ನೀರು ಒಳಗೆ ಬರಲಿಲ್ಲ. ಅಂಗಳದ ನೆಲತೊಟ್ಟಿಯಲ್ಲಿ ನೀರಿತ್ತು. ಅದನ್ನು ಸೇದಿ ನೋಡಿದೆ, ಕನ್ನಡಿಯಂತೆ ತಿಳಿ. ನನ್ನ ಬಳಿ ನೀರಿನ ಲವಣ ಅಳೆಯುವ ಪೆನ್ನಿನಂಥ ಟಿ.ಡಿ.ಎಸ್. ಮೀಟರ್ ಇತ್ತು. ಅದ್ದಿ ನೋಡಿದರೆ ದಿನದ ನೀರಿಗಿಂತ ಕಡಿಮೆ ಅಂಕಿ ತೋರಿಸಿತು. ಅವ್ವ "ಕಾಸೂಣೇನು?" ಎಂದಳು. ಸಿಲಿಂಡರ್ ಮುಗಿಯುತ್ತ ಬಂದಿತ್ತು. ಇನ್ನೊಂದು ಬರುವ ದಾರಿ ಮುಚ್ಚಿತ್ತು. "ಬ್ಯಾಡ, ಮೀಟರ್ ನೋಡೀನಿ, ನೀರ ಚೊಲೋ ಐತಿ" ಎಂದೆ. ಇಂಜಿನಿಯರ್ ಮಗ ಹೇಳಿದ ಮೇಲೆ ಮನೆಯಲ್ಲಿ ಎರಡನೇ ಮಾತಿರಲಿಲ್ಲ.

ಆ ಮೀಟರ್ ಅಳೆಯುವುದು ಕರಗಿದ ಲವಣವನ್ನು ಮಾತ್ರ. ರೋಗಾಣುವಿನ ಲೆಕ್ಕ ಅದಕ್ಕೆ ಗೊತ್ತಿಲ್ಲ. ಅಂಕಿ ಕಡಿಮೆಯಾದದ್ದು ಒಳ್ಳೆಯ ಸುದ್ದಿಯಲ್ಲ, ಎಚ್ಚರಿಕೆಯ ಗಂಟೆ. ಓಣಿಯ ಮಳೆನೀರು, ಗಟಾರದ ಜೊತೆ ಸೇರಿ, ನೆಲಮಟ್ಟದ ಮುಚ್ಚಳದ ಸಂದಿನಿಂದ ತೊಟ್ಟಿಗೆ ಇಳಿದಿತ್ತು. ಮಳೆನೀರಿನಲ್ಲಿ ಲವಣ ಇರದೇ ಇದ್ದುದರಿಂದ ಅಂಕಿ ಇಳಿಯಿತು.

ಮೂರನೇ ದಿನ ಅಪ್ಪನಿಗೆ ವಾಂತಿಭೇದಿ ಶುರುವಾಯಿತು. ನನಗೂ ಸ್ವಲ್ಪ ಆಯಿತು. ಅಪ್ಪನಿಗೆ ಸಕ್ಕರೆ ಕಾಯಿಲೆ ಬೇರೆ. ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು ಮಾತು ತೊದಲತೊಡಗಿತು. ಆಂಬುಲೆನ್ಸ್ ಬರುವಂತಿರಲಿಲ್ಲ. ಓಣಿಯ ಹುಡುಗರು ಟ್ರ್ಯಾಕ್ಟರ್ ತಂದು, ಟ್ರೇಲರಿನಲ್ಲಿ ಹಾಸಿಗೆ ಹಾಸಿ, ಮೊಣಕಾಲುದ್ದದ ನೀರಿನಲ್ಲಿ ಸುತ್ತುದಾರಿ ಹಿಡಿದು ಆಸ್ಪತ್ರೆ ಮುಟ್ಟಿಸಿದರು. ನಾಲ್ಕು ದಿನ ಸಲಾಯಿನ್ ಹಾಕಿದರು. ಅಪ್ಪ ಉಳಿದರು. ಅಂದು ಬಂದ ಹುಡುಗರಲ್ಲಿ ಮೂವರು ನಮ್ಮ ಶಾಲೆಯವರೇ. ಅವರಿಗೆ ಈ ಪುಟಗಳಲ್ಲಿ ಕೈಮುಗಿಯುತ್ತೇನೆ.

ಮನೆಯಲ್ಲಿ ಏನೂ ಆಗದೆ ಉಳಿದವರು ಅಜ್ಜಿ ಮತ್ತು ಅವ್ವ. ಆಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳು ಅವ್ವನಿಗೆ ಹೇಳಿ ಒಂದು ಚರಿಗೆ ನೀರನ್ನು ಬೇರೆಯಾಗಿ ಕಾಸಿಸಿ, ಸೋಸಿ ಇರಿಸಿಕೊಂಡಿದ್ದಳು. ಅವ್ವನೂ ಅದನ್ನೇ ಕುಡಿದಿದ್ದಳು. ಆಸ್ಪತ್ರೆಯಿಂದ ಬಂದು ನಾನು ಅವಳ ಪಕ್ಕ ಕೂತಾಗ ಬೈಯಲಿಲ್ಲ. "ನೀರ ಎಲ್ಲಿದು ಅಂತ ಕೇಳಬೇಕಪಾ, ಹೆಂಗ ಕಾಣತೈತಿ ಅಂತಲ್ಲ" ಎಂದಳು. ಅದೇ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಜಲ ಜೀವನ ಮಿಷನ್ ಘೋಷಣೆಯಾಯಿತು, ಪ್ರತಿ ಮನೆಗೂ ನಳ ಎಂದು. ಆಸ್ಪತ್ರೆಯಲ್ಲಿ ಅದನ್ನು ಮೊಬೈಲಿನಲ್ಲಿ ನೋಡಿದೆ. ನಳ ಬರಲೇಬೇಕು. ಆದರೆ ನಳ ನಿಂತ ಮೂರು ದಿನ ಏನು ಮಾಡಬೇಕೆಂಬುದನ್ನು ಯಾವ ಯೋಜನೆಯೂ ನಮ್ಮ ಪರವಾಗಿ ಮಾಡಿಕೊಡಲಾರದು. ಅದು ಮನೆಯ ಕೆಲಸ.

ಮನೆಯಲ್ಲಿ ಏನು ಮಾಡಬಹುದು

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಮೊದಲು ಕಲಿಸುವ ಪಾಠ, ಎಲ್ಲವನ್ನೂ ಒಂದೇ ಯಂತ್ರದ ಮೇಲೆ ನಿಲ್ಲಿಸಬೇಡ ಎಂಬುದು. ಕಚೇರಿಯಲ್ಲಿ ಅದನ್ನು ಪಾಲಿಸುವ ನಾನು ಮನೆಯಲ್ಲಿ ಪಾಲಿಸಿರಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ, ನಮ್ಮ ಮನೆಯಲ್ಲಿ ರೂಢಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಎಷ್ಟು ಇಡಬೇಕು: ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ಹಿಡಿದರೆ, ಐದು ಜನರ ಮನೆಗೆ ಮೂರು ದಿನಕ್ಕೆ 75 ಲೀಟರ್, ಅಂದರೆ ಐದು ಕೊಡ. ಇದನ್ನು ಮುಚ್ಚಳವಿರುವ, ಆಹಾರಕ್ಕೆ ಬಳಸುವ ಪಾತ್ರೆಯಲ್ಲಿ ನೆಲದಿಂದ ಎತ್ತರದಲ್ಲಿಡಬೇಕು. ಕೀಟನಾಶಕ, ರಸಗೊಬ್ಬರ ಬಂದ ಡಬ್ಬಿಗಳನ್ನು ಎಷ್ಟು ತೊಳೆದರೂ ಬಳಸಬಾರದು. ವಾರಕ್ಕೊಮ್ಮೆ ಆ ನೀರನ್ನು ಬಳಸಿ ಹೊಸದು ತುಂಬಬೇಕು. ಬಾಯಿ ಸಣ್ಣದಿದ್ದು ಕೆಳಗೆ ನಲ್ಲಿ ಇರುವ ಪಾತ್ರೆ ಎಲ್ಲಕ್ಕಿಂತ ಮೇಲು. ಇಲ್ಲದಿದ್ದರೆ ಅಜ್ಜಿಯ ಉದ್ದ ಸೌಟು.

ಯಾವ ಕ್ರಮದಲ್ಲಿ ಶುದ್ಧ ಮಾಡಬೇಕು: ಮೊದಲು ತಿಳಿಗೊಳಿಸುವುದು, ಆಮೇಲೆ ಸೋಸುವುದು, ಕೊನೆಗೆ ರೋಗಾಣು ಕೊಲ್ಲುವುದು. ರಾಡಿ ನೀರಿಗೆ ನೇರವಾಗಿ ಕ್ಲೋರಿನ್ ಹಾಕಿದರೆ ಅದು ಮಣ್ಣು ಕಸಕ್ಕೇ ಖರ್ಚಾಗಿ ರೋಗಾಣು ಉಳಿದುಬಿಡುತ್ತದೆ.

ಕೊನೆಯ ಹಂತಕ್ಕೆ ಮೂರು ದಾರಿ ಇವೆ. ಉರುವಲು ಇದ್ದರೆ ಕಾಯಿಸುವುದೇ ಖಚಿತ. ನೀರು ತಳಮಳ ಕುದಿಯಲು ಆರಂಭಿಸಿದ ಮೇಲೆ ಒಂದು ನಿಮಿಷ ಸಾಕು, ಗಂಟೆಗಟ್ಟಲೆ ಕುದಿಸಿ ಗ್ಯಾಸ್ ಹಾಳು ಮಾಡಬೇಕಿಲ್ಲ. ಉರುವಲು ಇಲ್ಲದಿದ್ದರೆ ಕ್ಲೋರಿನ್ ಗುಳಿಗೆ. ಸಾಮಾನ್ಯವಾಗಿ ಅರ್ಧ ಗ್ರಾಂ ಗುಳಿಗೆ ಒಂದು ಇಪ್ಪತ್ತು ಲೀಟರ್ ಕೊಡಕ್ಕೆ. ಆದರೆ ಗುಳಿಗೆಯ ಅಳತೆ ಬೇರೆ ಬೇರೆ ಇರುವುದರಿಂದ ಪೊಟ್ಟಣದ ಮೇಲೆ ಬರೆದದ್ದನ್ನು ಓದಿಯೇ ಹಾಕಬೇಕು. ಹಾಕಿ ಅರ್ಧ ಗಂಟೆ ಮುಚ್ಚಿಡಬೇಕು. ನಸುವಾಸನೆ ಬಂದರೆ ಹೆದರಬೇಕಿಲ್ಲ, ಅದು ಕ್ಲೋರಿನ್ ಕೆಲಸ ಮಾಡಿ ಉಳಿದಿದೆ ಎಂಬುದರ ಗುರುತು. ಮಳೆಗಾಲಕ್ಕೆ ಮೊದಲೇ ಆಶಾ ಕಾರ್ಯಕರ್ತೆಯರನ್ನು ಕೇಳಿ ಹತ್ತು ಗುಳಿಗೆ ಮನೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಎರಡೂ ಇಲ್ಲದಿದ್ದರೆ ಬಿಸಿಲು. ತಿಳಿನೀರನ್ನು ಎರಡು ಲೀಟರ್‌ವರೆಗಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮಾಳಿಗೆಯ ಮೇಲೆ ಅಡ್ಡ ಮಲಗಿಸಿ ಆರು ತಾಸು ಬಿಸಿಲಿಗಿಡುವುದು. ಮೋಡವಿದ್ದರೆ ಎರಡು ದಿನ. ಜಡಿಮಳೆಯಲ್ಲಿ ಮಾತ್ರ ಇದು ನಡೆಯುವುದಿಲ್ಲ.

ತಾಮ್ರದ ಹಂಡೆ ಇಟ್ಟುಕೊಳ್ಳಿ, ಆದರೆ ನೆರೆಯ ಕಾಲದಲ್ಲಿ ಅದೊಂದನ್ನೇ ನಂಬಬೇಡಿ. ಇನ್ನೊಂದು ಮಾತು: ಕಾಯಿಸುವುದರಿಂದ, ಕ್ಲೋರಿನ್ನಿನಿಂದ ಸವಳು ಹೋಗುವುದಿಲ್ಲ, ಕೀಟನಾಶಕದ ಅಂಶವೂ ಹೋಗುವುದಿಲ್ಲ. ಹೊಲದ ನೀರು ನುಗ್ಗಿದ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು.

ಭೇದಿ ಶುರುವಾದರೆ ಆಸ್ಪತ್ರೆ ಮುಟ್ಟುವವರೆಗೆ ಓ.ಆರ್.ಎಸ್. ಕುಡಿಸುತ್ತಿರಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದು ನನಗೆ ಆ ದಿನ ನೆನಪಾಗಲಿಲ್ಲ. ಟ್ರ್ಯಾಕ್ಟರ್ ಬರುವವರೆಗಿನ ಎರಡು ತಾಸು ಅಪ್ಪನಿಗೆ ಬರೀ ನೀರು ಕುಡಿಸುತ್ತಿದ್ದೆ, ಅದೂ ಅದೇ ತೊಟ್ಟಿಯ ನೀರು.

ಕೊನೆಯ ಮಾತು

ಅಜ್ಜಿ 2021ರಲ್ಲಿ ತೀರಿಕೊಂಡಳು. ಅಟ್ಟದಿಂದ ಹಂಡೆ ಕೆಳಗಿಳಿದಿದೆ. ನೆಲತೊಟ್ಟಿಯ ಬಾಯಿಯನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ ಕಟ್ಟಿಸಿದ್ದೇವೆ. ಕೆಂಪು ದಾರದ ಗಂಟಿದ್ದ ಆ ಬಟ್ಟೆ ಯಾವಾಗಲೋ ಹರಿದುಹೋಯಿತು. ಅವ್ವ ಅಜ್ಜಿಯದೇ ಇನ್ನೊಂದು ಹತ್ತಿ ಸೀರೆಯನ್ನು ಕತ್ತರಿಸಿ, ಮೂಲೆಗೆ ಹಾಗೆಯೇ ಗಂಟು ಹಾಕಿ ಇಟ್ಟಿದ್ದಾಳೆ.

ಶಾಲೆಯ ಈಗಿನ ಗುರುಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ಮೇ ರಜೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ, ತಮ್ಮ ಮನೆಯ ಅಥವಾ ಓಣಿಯ ಹಿರಿಯಜ್ಜಿಯನ್ನು ಕೇಳಿ ನೀರು ಇಡುತ್ತಿದ್ದ ಬಗೆಯನ್ನು ಬರೆದು ತರಲು ಹೇಳಿ. ಯಾವ ಕೆರೆಯ ನೀರು, ಎಷ್ಟು ಕೊಡ, ಯಾರು ಹೊರುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ ಎಂಬುದೆಲ್ಲ ಅದರಲ್ಲಿ ಇರಲಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಆ ಎರಡು ಲೋಟಗಳ ಪ್ರಯೋಗ ಮತ್ತೆ ಮಾಡಿ ತೋರಿಸಿ. ಅದಕ್ಕೆ ಬೇಕಾದ ಗಾಜಿನ ಸಾಮಾನು, ನೀರಿನಲ್ಲಿ ಉಳಿದ ಕ್ಲೋರಿನ್ ನೋಡುವ ಸಣ್ಣ ಪೆಟ್ಟಿಗೆ, ಇವುಗಳನ್ನು 2004ರ ತಂಡದ ಪರವಾಗಿ ಪ್ರತಿ ವರ್ಷ ಕೊಡಿಸುವ ಹೊಣೆ ನನ್ನದು. ಲೋಟ ತೋರಿಸಿ ಸರ್ ಕೇಳಿದ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ನನ್ನಂತೆ ಪರೀಕ್ಷೆಯಲ್ಲಿ ಬರೆದು ಮರೆಯದೆ, ಮನೆಗೆ ಹೋಗಿ ಅವ್ವ ಅಪ್ಪನಿಗೆ ಹೇಳುವ ಮಕ್ಕಳು ನಮ್ಮ ಶಾಲೆಯಿಂದ ಬರಲಿ.